ಡಬ್ಬಿ ಆಹಾರದ ಚರಿತ್ರೆ ಮತ್ತು ಇಂಜಿನಿಯರ್ ಬ್ರಯಾನ್ ಡಾಂಕಿನ್

ನಮ್ಮ ಸಂಘದ ಬೆಳ್ಳಿ ಹಬ್ಬದ ಸ್ಮರಣ ಸಂಚಿಕೆಗೆ ಒಂದು ಲೇಖನ ಬರೆದುಕೊಡಿ ಎಂದು ಸಂಪಾದಕ ಸಮಿತಿಯವರು ಕೇಳಿದಾಗ ಏನು ಬರೆಯುವುದು ಎಂಬ ಯೋಚನೆ ಬಂತು. ಸಂಘ ಹುಟ್ಟಿದ್ದು, ಬೆಳೆದದ್ದು, ಕಟ್ಟಡ ಕಟ್ಟಿದ್ದು, ಇದನ್ನೆಲ್ಲ ಬರೆಯೋದಕ್ಕೆ ನಮಗಿಂತ ಹಿರಿಯರು, ಅನುಭವಸ್ಥರು ಇದ್ದಾರೆ. ಆದ್ದರಿಂದ ನಾವು ರೈತರಾದವರಿಗೆಲ್ಲ ಸಂಬಂಧಪಟ್ಟ, ಆದರೆ ಸಾಮಾನ್ಯವಾಗಿ ಯಾರೂ ಹೇಳದ ಒಂದು ಚರಿತ್ರೆಯನ್ನು ಆರಿಸಿಕೊಂಡಿದ್ದೇವೆ. ಅದು ಡಬ್ಬಿಯಲ್ಲಿ ಆಹಾರ ಕೆಡದಂತೆ ಇಡುವ ವಿದ್ಯೆಯ ಚರಿತ್ರೆ.

ಬೆಳೆಯೋದು ಒಂದು ಕಷ್ಟ. ಬೆಳೆದದ್ದು ಕೆಡದ ಹಾಗೆ ಇಟ್ಟುಕೊಳ್ಳೋದು ಇನ್ನೊಂದು ಕಷ್ಟ. ಟೊಮ್ಯಾಟೊ ಬೆಲೆ ಬಿದ್ದಾಗ ಬಿಡಿಸಿದ ಕೂಲಿಯೂ ಹುಟ್ಟದೆ ರಸ್ತೆ ಬದಿಗೆ ಸುರಿದುಬಂದವರು ನಮ್ಮಲ್ಲಿ ಎಷ್ಟು ಜನ ಇಲ್ಲ? ಬೆಳಗಿನ ಹಾಲು ಮಧ್ಯಾಹ್ನದ ಹೊತ್ತಿಗೆ ಒಡೆದುಹೋದರೆ ಹಸು ಸಾಕಿದ ಶ್ರಮವೆಲ್ಲ ನೀರುಪಾಲು. ಈ ಸಂಕಟ ನಮ್ಮೊಬ್ಬರದೇ ಅಲ್ಲ, ಮನುಷ್ಯ ಕೃಷಿ ಶುರುಮಾಡಿದ ದಿನದಿಂದಲೂ ಇದೆ. ಅದಕ್ಕೆ ಸಿಕ್ಕ ಪರಿಹಾರಗಳಲ್ಲಿ ಒಂದು ದೊಡ್ಡ ಪರಿಹಾರ ಸುಮಾರು ಇನ್ನೂರು ವರ್ಷದ ಹಿಂದೆ ಫ್ರಾನ್ಸ್ ಮತ್ತು ಇಂಗ್ಲೆಂಡ್ ದೇಶಗಳ ನಡುವೆ, ಅದೂ ಆ ಎರಡು ದೇಶಗಳು ಯುದ್ಧ ಮಾಡುತ್ತಿದ್ದಾಗಲೇ, ರೂಪುಗೊಂಡಿತು.

ಹಳೆಯ ಉಪಾಯಗಳು

ಆಹಾರವನ್ನು ಇಟ್ಟುಕೊಳ್ಳುವ ಉಪಾಯಗಳು ನಮ್ಮ ಅಜ್ಜಿಯರಿಗೆ ಗೊತ್ತಿರಲಿಲ್ಲ ಅಂತಲ್ಲ. ಹಪ್ಪಳ, ಸಂಡಿಗೆ, ಬಾಳಕದ ಮೆಣಸಿನಕಾಯಿ ಇವೆಲ್ಲ ಬಿಸಿಲಿನ ಕೆಲಸ. ಉಪ್ಪಿನಕಾಯಿ ಉಪ್ಪು ಎಣ್ಣೆಗಳ ಕೆಲಸ. ಕರಾವಳಿಯವರ ಒಣಮೀನು ಬಿಸಿಲು ಉಪ್ಪು ಎರಡರದ್ದೂ ಸೇರಿದ ಕೆಲಸ. ಹಣ್ಣಿನ ಮೊರಬ್ಬ ಸಕ್ಕರೆಯ ಕೆಲಸ. ಯುರೋಪಿನವರೂ ಇದನ್ನೇ ಮಾಡುತ್ತಿದ್ದರು. ಉಪ್ಪು ಹಾಕಿದ ಮಾಂಸ, ಹೊಗೆ ಹಾಕಿದ ಮೀನು ಅವರಿಗೆ ನಿತ್ಯದ ಆಹಾರ.

ಆದರೆ ಈ ಎಲ್ಲ ಉಪಾಯಗಳಲ್ಲಿ ಒಂದು ಕೊರತೆ ಇದೆ. ಇಟ್ಟ ವಸ್ತು ಉಳಿಯುತ್ತದೆ, ಆದರೆ ಮೊದಲಿನ ಹಾಗೆ ಉಳಿಯೋದಿಲ್ಲ. ಮಾವಿನಕಾಯಿ ಉಪ್ಪಿನಕಾಯಿ ಆಗುತ್ತದೆ, ಮಾವಿನಕಾಯಾಗಿ ಇರುವುದಿಲ್ಲ. ಊಟಕ್ಕೆ ನಂಚಿಕೊಳ್ಳಲು ಸರಿ, ಹೊಟ್ಟೆ ತುಂಬ ಅದನ್ನೇ ತಿನ್ನಲು ಆಗುತ್ತದೆಯೇ?

ಆ ಕಾಲದ ಹಡಗಿನವರ ಪಾಡು ಇದೇ ಆಗಿತ್ತು. ತಿಂಗಳುಗಟ್ಟಲೆ ಸಮುದ್ರದ ಮೇಲೆ ಉಪ್ಪುಮಾಂಸ ಮತ್ತು ಕಲ್ಲಿನಂಥ ಬಿಸ್ಕತ್ತು, ಇಷ್ಟೇ ಆಹಾರ. ಬಿಸ್ಕತ್ತಿನೊಳಗೆ ಹುಳ. ಒಸಡು ಊದಿ ರಕ್ತ ಸುರಿಯುವ ಸ್ಕರ್ವಿ ಎಂಬ ರೋಗ ಬೇರೆ. ಬ್ರಿಟಿಷ್ ನೌಕಾಪಡೆ 1795ರಿಂದ ನಿಂಬೆರಸ ಕೊಡಲು ಏರ್ಪಾಡು ಮಾಡಿದ ಮೇಲೆ ಸ್ಕರ್ವಿಯ ಕಾಟ ಬಹಳ ಮಟ್ಟಿಗೆ ತಗ್ಗಿತು. ಆದರೂ ಕಾಯಿಲೆ ಬಿದ್ದ ನಾವಿಕನಿಗೆ ಒಂದು ಲೋಟ ಒಳ್ಳೆಯ ಸಾರು, ಒಂದಿಷ್ಟು ಬೇಯಿಸಿದ ತರಕಾರಿ ಕೊಡಬೇಕೆಂದರೆ ನಡುಸಮುದ್ರದಲ್ಲಿ ಎಲ್ಲಿಂದ ತರೋದು?

ಮಿಠಾಯಿ ಅಂಗಡಿಯ ಅಪೆರ್

ಇದಕ್ಕೆ ದಾರಿ ತೋರಿಸಿದವನು ವಿಜ್ಞಾನಿಯಲ್ಲ, ಅಡುಗೆಯವನು. ನಿಕೊಲಾ ಅಪೆರ್ ಎಂದು ಅವನ ಹೆಸರು. 1749ರಲ್ಲಿ ಫ್ರಾನ್ಸಿನ ಶಾಲೋನ್ ಎಂಬ ಊರಿನಲ್ಲಿ ಹುಟ್ಟಿದ. ತಂದೆ ವಸತಿಗೃಹ ನಡೆಸುತ್ತಿದ್ದ. ಮಗ ಅಡುಗೆ ಕಲಿತು, ಒಬ್ಬ ಸಂಸ್ಥಾನಿಕನ ಮನೆಯಲ್ಲಿ ಕೆಲಸ ಮಾಡಿ, ಆಮೇಲೆ ಪ್ಯಾರಿಸ್ಸಿಗೆ ಬಂದು ಮಿಠಾಯಿ ಅಂಗಡಿ ಇಟ್ಟ. ಫ್ರಾನ್ಸಿನ ಮಹಾಕ್ರಾಂತಿಯ ಕಾಲದಲ್ಲಿ ಸ್ವಲ್ಪ ಕಾಲ ಸೆರೆಮನೆಯನ್ನೂ ಕಂಡ.

ಅಪೆರ್ ಮಾಡಿದ ಕೆಲಸ ಹೇಳಲು ಸುಲಭ. ಅಗಲ ಬಾಯಿಯ ಗಾಜಿನ ಸೀಸೆಗೆ ಆಹಾರ ತುಂಬಿ, ಬಿರಡೆಯನ್ನು ಒತ್ತಿ ಹಾಕಿ, ತಂತಿಯಿಂದ ಬಿಗಿದು ಕಟ್ಟಿ, ಸೀಸೆಯನ್ನು ಗೋಣಿಬಟ್ಟೆಯ ಚೀಲದಲ್ಲಿಟ್ಟು ಕುದಿಯುವ ನೀರಿನ ಹಂಡೆಯೊಳಗೆ ಗಂಟೆಗಟ್ಟಲೆ ಇಡುವುದು. ಅಷ್ಟೇ! ಬಟಾಣಿಗೆ ಎಷ್ಟು ಹೊತ್ತು, ಮಾಂಸಕ್ಕೆ ಎಷ್ಟು ಹೊತ್ತು, ಹಾಲಿಗೆ ಎಷ್ಟು ಹೊತ್ತು ಎಂದು ವರ್ಷಾನುಗಟ್ಟಲೆ ಪ್ರಯೋಗ ಮಾಡಿ ಗೊತ್ತುಮಾಡಿಕೊಂಡ. ಪ್ಯಾರಿಸ್ ಹತ್ತಿರದ ಮಾಸಿ ಎಂಬಲ್ಲಿ ಕಾರ್ಖಾನೆಯನ್ನೂ ತೆರೆದ. ಫ್ರೆಂಚ್ ನೌಕಾಪಡೆಯವರು ಆ ಸೀಸೆಗಳನ್ನು ಪರೀಕ್ಷಿಸಿ ಮೆಚ್ಚಿದರು.

1810ರಲ್ಲಿ ಫ್ರೆಂಚ್ ಸರ್ಕಾರ ಅವನಿಗೆ 12,000 ಫ್ರಾಂಕ್ ಕೊಟ್ಟಿತು. ಅದಕ್ಕೊಂದು ಷರತ್ತು: ವಿಧಾನವನ್ನು ಗುಟ್ಟಾಗಿ ಇಡದೆ ಪುಸ್ತಕ ಬರೆದು ಎಲ್ಲರಿಗೂ ತಿಳಿಸಬೇಕು. ಅಪೆರ್ ಒಪ್ಪಿಕೊಂಡ. ಅದೇ ವರ್ಷ ಅವನ ಪುಸ್ತಕ ಅಚ್ಚಾಯಿತು. ತನ್ನ ಕಸುಬಿನ ಗುಟ್ಟನ್ನು ಹೀಗೆ ಲೋಕಕ್ಕೆಲ್ಲ ಬಿಟ್ಟುಕೊಟ್ಟವನಿಗೆ ಕೊನೆಗಾಲ ಚೆನ್ನಾಗಿರಲಿಲ್ಲ. ನೆಪೋಲಿಯನ್ ಸೋತು ಶತ್ರು ಸೈನ್ಯ ಫ್ರಾನ್ಸಿಗೆ ನುಗ್ಗಿದಾಗ ಅವನ ಕಾರ್ಖಾನೆ ಹಾಳಾಯಿತು. 1841ರಲ್ಲಿ ಬಡವನಾಗಿಯೇ ತೀರಿಕೊಂಡ.

ಅಪೆರ್‌ನ ವಿಧಾನಕ್ಕೆ ಇದ್ದ ತೊಡಕು ಸೀಸೆಯದ್ದು. ಗಾಜು ಒಡೆಯುತ್ತದೆ, ಭಾರ ಇರುತ್ತದೆ. ಹಡಗಿನ ಓಲಾಟದಲ್ಲಿ, ಸೈನ್ಯದ ಗಾಡಿಯ ಕುಲುಕಾಟದಲ್ಲಿ ಸೀಸೆ ಉಳಿಯುವುದು ಕಷ್ಟ. ಕಲ್ಪನೆ ಸರಿಯಾಗಿತ್ತು, ಪಾತ್ರೆ ಸರಿಯಾಗಿರಲಿಲ್ಲ.

ಪೇಟೆಂಟ್ ಒಬ್ಬನದು, ವಿದ್ಯೆ ಇನ್ನೊಬ್ಬನದು

ಅದೇ 1810ನೇ ಇಸವಿ ಆಗಸ್ಟ್ 25ರಂದು ಲಂಡನ್ನಿನಲ್ಲಿ ಪೀಟರ್ ಡುರಾಂಡ್ ಎಂಬ ವ್ಯಾಪಾರಿಗೆ ಒಂದು ಪೇಟೆಂಟ್ ಸಿಕ್ಕಿತು. ಗಾಜು, ಮಣ್ಣಿನ ಪಾತ್ರೆ, ತಗಡು, ಬೇರೆ ಲೋಹ, ಯಾವುದರಲ್ಲಾದರೂ ಆಹಾರ ತುಂಬಿ ಮುಚ್ಚಿ ಬಿಸಿಮಾಡಿ ಇಡುವ ಹಕ್ಕು ಅದರಲ್ಲಿತ್ತು. ತಗಡಿನ ಡಬ್ಬಿಯ ಮಾತು ಇಲ್ಲಿ ಬಂತು. ಅದಕ್ಕೇ ಅನೇಕ ಪುಸ್ತಕಗಳು ಡಬ್ಬಿಯನ್ನು ಕಂಡುಹಿಡಿದವನು ಡುರಾಂಡ್ ಎಂದೇ ಬರೆಯುತ್ತವೆ.

ಆದರೆ ಪಾಪ, ಡುರಾಂಡ್ ಸುಳ್ಳು ಹೇಳಲಿಲ್ಲ. ಇದು ತನ್ನ ಸ್ವಂತ ಬುದ್ಧಿಯಲ್ಲ, ಪರದೇಶದಲ್ಲಿರುವ ಒಬ್ಬರು ತಿಳಿಸಿದ್ದು ಎಂದು ಅರ್ಜಿಯಲ್ಲೇ ಒಪ್ಪಿಕೊಂಡಿದ್ದಾನೆ. ಆ ಪರದೇಶದವನು ಫಿಲಿಪ್ ದ ಗಿರಾರ್ ಎಂಬ ಫ್ರೆಂಚ್ ಇಂಜಿನಿಯರ್ ಎಂದು ಸಂಶೋಧಕರು ಆಮೇಲೆ ಪತ್ತೆ ಹಚ್ಚಿದರು. ಎರಡು ದೇಶಗಳಿಗೂ ಯುದ್ಧ ನಡೆಯುತ್ತಿದ್ದಾಗ ಫ್ರೆಂಚ್ ಪ್ರಜೆಯೊಬ್ಬ ಲಂಡನ್ನಿನಲ್ಲಿ ತನ್ನ ಹೆಸರಿನಲ್ಲಿ ಪೇಟೆಂಟ್ ಕೇಳುವುದು ಹೇಗೆ? ಅದಕ್ಕೆ ಡುರಾಂಡ್‌ನ ಹೆಸರು ಬೇಕಾಯಿತು. ಈ ಗಿರಾರ್ ಮುಂದೆ ನಾರಗಸೆಯ ನೂಲು ತೆಗೆಯುವ ಯಂತ್ರದಿಂದ ಹೆಸರುವಾಸಿಯಾದ. ಪೋಲೆಂಡಿನಲ್ಲಿ ಅವನ ಹೆಸರಿನಿಂದಲೇ ಕರೆಯುವ ಒಂದು ಊರೇ ಇದೆ. ಡಬ್ಬಿಯ ವಿಚಾರದಲ್ಲಿ ಮಾತ್ರ ಬಹಳ ಕಾಲ ಯಾರೂ ಅವನ ಹೆಸರು ಎತ್ತಲಿಲ್ಲ.

ಡುರಾಂಡ್ ಆ ಪೇಟೆಂಟನ್ನು ಇಟ್ಟುಕೊಂಡು ತಾನೇ ಕಾರ್ಖಾನೆ ಹಾಕಲಿಲ್ಲ. 1,000 ಪೌಂಡಿಗೆ ಮಾರಿಬಿಟ್ಟ. ಕೊಂಡವರಲ್ಲಿ ಮುಖ್ಯನಾದವನೇ ನಮ್ಮ ಕಥಾನಾಯಕ ಬ್ರಯಾನ್ ಡಾಂಕಿನ್.

ಡಾಂಕಿನ್ ಯಾರು?

ಡಾಂಕಿನ್ ಹುಟ್ಟಿದ್ದು 1768ರ ಮಾರ್ಚ್ 22ರಂದು, ಇಂಗ್ಲೆಂಡಿನ ಉತ್ತರ ತುದಿಯ ನಾರ್ತಂಬರ್‌ಲೆಂಡ್ ಎಂಬ ಪ್ರಾಂತದಲ್ಲಿ. ತಂದೆ ಜಮೀನು ಅಳತೆ ಮಾಡುವ, ದೊಡ್ಡವರ ಜಮೀನು ನೋಡಿಕೊಳ್ಳುವ ಕೆಲಸದವನು. ಮಗನೂ ಮೊದಲು ಅದೇ ಕಸುಬಿಗೆ ಹೋಗಿ ಒಬ್ಬ ಶ್ರೀಮಂತನ ಎಸ್ಟೇಟಿನ ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದ. ಆದರೆ ಅವನ ಮನಸ್ಸೆಲ್ಲ ಯಂತ್ರಗಳ ಮೇಲೆ. ಆಗಿನ ಪ್ರಸಿದ್ಧ ಇಂಜಿನಿಯರ್ ಜಾನ್ ಸ್ಮೀಟನ್‌ನ ಸಲಹೆ ಕೇಳಿದ. 1792ರಲ್ಲಿ, ಅಂದರೆ 24ನೇ ವಯಸ್ಸಿನಲ್ಲಿ, ಡಾರ್ಟ್‌ಫರ್ಡ್ ಊರಿನ ಜಾನ್ ಹಾಲ್ ಎಂಬವನ ಕಬ್ಬಿಣದ ಕಾರ್ಖಾನೆಯಲ್ಲಿ ಕೆಲಸ ಕಲಿಯಲು ಸೇರಿಕೊಂಡ. ಮುಂದೆ ಹಾಲ್ ಮತ್ತು ಡಾಂಕಿನ್ ಅಕ್ಕತಂಗಿಯರನ್ನು ಮದುವೆಯಾಗಿ ಷಡ್ಡಕರೂ ಆದರು.

ಡಾಂಕಿನ್ ಹೆಸರು ಮಾಡಿದ್ದು ಮೊದಲು ಕಾಗದದ ಯಂತ್ರದಿಂದ. ಅಲ್ಲಿಯವರೆಗೆ ಕಾಗದವನ್ನು ಒಂದೊಂದೇ ಹಾಳೆಯಾಗಿ ಕೈಯಿಂದ ಎತ್ತುತ್ತಿದ್ದರು. ಉದ್ದಕ್ಕೂ ಸುರುಳಿಯಾಗಿ ಕಾಗದ ಬರುವ ಯಂತ್ರದ ಕಲ್ಪನೆ ನಿಕೊಲಾ ಲೂಯಿ ರಾಬೇರ್ ಎಂಬ ಫ್ರೆಂಚ್‌ನದು. 1799ರಲ್ಲಿ ಅವನಿಗೆ ಪೇಟೆಂಟ್ ಸಿಕ್ಕಿತ್ತು. ಜಾನ್ ಗ್ಯಾಂಬಲ್ ಎಂಬ ಇಂಗ್ಲಿಷಿನವನು ಅದನ್ನು ಇಂಗ್ಲೆಂಡಿಗೆ ತಂದ. ಕಾಗದದ ವ್ಯಾಪಾರಿಗಳಾದ ಫೋರ್ಡ್ರಿನಿಯರ್ ಸಹೋದರರು ಹಣ ಹಾಕಿದರು. ಯಂತ್ರ ಮಾತ್ರ ಸರಿಯಾಗಿ ನಡೆಯುತ್ತಿರಲಿಲ್ಲ. ಆ ಕೆಲಸ ಡಾಂಕಿನ್ ಕೈಗೆ ಬಂತು. ಲಂಡನ್ನಿನ ಬರ್ಮಂಡ್ಸೆ ಎಂಬ ಭಾಗದಲ್ಲಿ ತನ್ನದೇ ಕಾರ್ಖಾನೆ ತೆರೆದು, ಒಂದೊಂದೇ ತೊಡಕನ್ನು ಬಿಡಿಸಿ, 1803ರಲ್ಲಿ ಫ್ರಾಗ್‌ಮೋರ್ ಎಂಬಲ್ಲಿ ನಡೆಯುವ ಯಂತ್ರವನ್ನು ನಿಲ್ಲಿಸಿ ತೋರಿಸಿದ. 1851ರ ಹೊತ್ತಿಗೆ ಅವನ ಕಾರ್ಖಾನೆಯಿಂದ ಇನ್ನೂರರ ಹತ್ತಿರ ಹತ್ತಿರ ಕಾಗದದ ಯಂತ್ರಗಳು ಹೊರಬಿದ್ದಿದ್ದವು. ಹಣ ಹಾಕಿದ ಫೋರ್ಡ್ರಿನಿಯರ್ ಸಹೋದರರು ದಿವಾಳಿಯಾದರು, ಆದರೆ ಯಂತ್ರಕ್ಕೆ ಅವರ ಹೆಸರೇ ಉಳಿಯಿತು. ನಮ್ಮ ಸಂಘದ ಲೆಕ್ಕದ ಪುಸ್ತಕದ ಕಾಗದವಾಗಲಿ, ನೀವು ಓದುತ್ತಿರುವ ಈ ಸಂಚಿಕೆಯ ಕಾಗದವಾಗಲಿ ಆ ಯಂತ್ರದ ವಂಶದ್ದೇ.

ಇಲ್ಲಿ ಒಂದು ಮಾತನ್ನು ಗಮನಿಸಬೇಕು. ಕಾಗದದ ಯಂತ್ರದಲ್ಲೂ ಕಲ್ಪನೆ ಫ್ರೆಂಚ್‌ನದು, ಅದನ್ನು ನಡೆಯುವಂತೆ ಮಾಡಿದವನು ಡಾಂಕಿನ್. ಡಬ್ಬಿಯಲ್ಲೂ ಹಾಗೇ ಆಯಿತು. ಕಂಡುಹಿಡಿಯೋದು ಒಂದು, ಕಂಡುಹಿಡಿದದ್ದನ್ನು ದಿನಾ ಬೆಳಗಾದರೆ ತಪ್ಪದೆ ನಡೆಯುವಂತೆ ಮಾಡೋದು ಇನ್ನೊಂದು. ಈ ಎರಡನೆಯ ಕೆಲಸ ಮಾಡಿದವರ ಹೆಸರು ಶಾಲೆಯ ಪುಸ್ತಕದಲ್ಲಿ ಬರುವುದು ಕಡಿಮೆ.

ಬರ್ಮಂಡ್ಸೆಯ ಡಬ್ಬಿ ಕಾರ್ಖಾನೆ

ಡಾಂಕಿನ್, ಅವನ ಷಡ್ಡಕ ಹಾಲ್, ಕಾಗದದ ಯಂತ್ರ ತಂದಿದ್ದ ಅದೇ ಗ್ಯಾಂಬಲ್, ಈ ಮೂವರೂ ಪಾಲುದಾರರಾಗಿ ಬರ್ಮಂಡ್ಸೆಯ ಬ್ಲೂ ಆಂಕರ್ ರಸ್ತೆಯಲ್ಲಿ ಡಬ್ಬಿ ಆಹಾರದ ಕಾರ್ಖಾನೆ ತೆರೆದರು. 1813ರ ಹೊತ್ತಿಗೆ ಅಲ್ಲಿಂದ ಮಾಲು ಹೊರಗೆ ಬರತೊಡಗಿತು. ತಗಡಿನ ಡಬ್ಬಿಯಲ್ಲಿ ಆಹಾರ ತುಂಬಿ ಮಾರುವ ಲೋಕದ ಮೊದಲ ಕಾರ್ಖಾನೆ ಅದು.

ಡಬ್ಬಿ ಮಾಡುವ ರೀತಿ ಹೀಗಿತ್ತು. ಬರೀ ಕಬ್ಬಿಣದ ತಗಡಾದರೆ ತುಕ್ಕು ಹಿಡಿಯುತ್ತದೆ. ಆದ್ದರಿಂದ ಕಬ್ಬಿಣದ ತೆಳು ತಗಡಿಗೆ ಎರಡೂ ಕಡೆ ತವರದ ಲೇಪ ಕೊಟ್ಟಿರುತ್ತಾರೆ. ನಮ್ಮ ಊರಿಗೆ ಕಲಾಯಿಯವರು ಬಂದು ಹಿತ್ತಾಳೆ ಪಾತ್ರೆಯ ಒಳಗೆ ತವರ ಬಳಿದುಕೊಡುತ್ತಿದ್ದರಲ್ಲ, ಆ ತವರವೇ. ಆ ತಗಡನ್ನು ಕತ್ತರಿಸಿ, ಸುತ್ತಿ, ಅಂಚು ಕೂಡಿಸಿ ಕೈಯಿಂದಲೇ ಬೆಸುಗೆ ಹಾಕಿ ಡಬ್ಬಿ ಮಾಡುತ್ತಿದ್ದರು. ಆಹಾರ ತುಂಬಿದ ಮೇಲೆ ಮುಚ್ಚಳ ಬೆಸೆಯುವಾಗ ಮುಚ್ಚಳದಲ್ಲಿ ಒಂದು ಸಣ್ಣ ತೂತು ಬಿಡುತ್ತಿದ್ದರು. ಡಬ್ಬಿಯನ್ನು ಕುದಿಯುವ ನೀರಿನಲ್ಲಿಟ್ಟಾಗ ಒಳಗಿನ ಗಾಳಿ, ಹಬೆ ಆ ತೂತಿನಿಂದ ಹೊರಗೆ ಹೋಗುತ್ತದೆ. ಆಮೇಲೆ ಒಂದು ತೊಟ್ಟು ಬೆಸುಗೆಯಿಂದ ತೂತನ್ನೂ ಮುಚ್ಚಿ ಬೇಯಿಸುವುದು.

ಇಲ್ಲಿಯವರೆಗೆ ಇದು ತಗಡಿನ ಕೆಲಸ. ಡಾಂಕಿನ್‌ನ ದೊಡ್ಡತನ ನಮಗೆ ಕಾಣುವುದು ಇದರ ಮುಂದಿನ ಹೆಜ್ಜೆಯಲ್ಲಿ. ತಯಾರಾದ ಡಬ್ಬಿಗಳನ್ನು ಕೂಡಲೇ ಮಾರಾಟಕ್ಕೆ ಕಳಿಸುತ್ತಿರಲಿಲ್ಲ. ಸುಮಾರು 32ರಿಂದ 43 ಡಿಗ್ರಿ ಸೆಲ್ಸಿಯಸ್ ಬಿಸಿ ಇರುವ ಕೋಣೆಯಲ್ಲಿ ಒಂದು ತಿಂಗಳ ಕಾಲ ಇಡುತ್ತಿದ್ದರು. ಅಂದರೆ ನಮ್ಮ ಕಡೆಯ ಏಪ್ರಿಲ್ ತಿಂಗಳ ಬಿಸಿಲಿನಷ್ಟು ಸೆಕೆ. ಒಳಗೆ ಎಲ್ಲಾದರೂ ಕೊಳೆಯೋದು ಶುರುವಾಗಿದ್ದರೆ ಈ ಸೆಕೆಯಲ್ಲಿ ಅದು ಬೇಗ ಬೆಳೆದು ಅನಿಲ ಹುಟ್ಟಿ ಡಬ್ಬಿಯ ಮುಚ್ಚಳ ಉಬ್ಬುತ್ತದೆ. ಉಬ್ಬಿದ ಡಬ್ಬಿಯನ್ನು ತೆಗೆದುಹಾಕಿ, ಉಬ್ಬದೆ ಉಳಿದದ್ದನ್ನು ಮಾತ್ರ ಮಾರುವುದು.

ಯೋಚನೆ ಮಾಡಿ ನೋಡಿ. ಆಹಾರ ಯಾಕೆ ಕೆಡುತ್ತದೆ ಅಂತ ಆಗ ಡಾಂಕಿನ್‌ಗೂ ಗೊತ್ತಿಲ್ಲ, ಅಪೆರ್‌ಗೂ ಗೊತ್ತಿಲ್ಲ, ಲೋಕದಲ್ಲಿ ಯಾರಿಗೂ ಸರಿಯಾಗಿ ಗೊತ್ತಿಲ್ಲ. ಕಾರಣ ಗೊತ್ತಿಲ್ಲದಿದ್ದರೂ ಪರೀಕ್ಷೆ ಮಾಡಬಹುದು ಎಂಬುದು ಈ ಇಂಜಿನಿಯರನಿಗೆ ಹೊಳೆಯಿತು. ಒಂದು ತಿಂಗಳು ಮಾಲನ್ನು ಹಿಡಿದಿಟ್ಟರೆ ವ್ಯಾಪಾರಿಗೆ ನಷ್ಟ. ಬಂಡವಾಳ ಅಲ್ಲೇ ಸಿಕ್ಕಿಕೊಂಡಿರುತ್ತದೆ. ಆದರೂ ಹಿಡಿದಿಟ್ಟ.

ಡಬ್ಬಿಗೆ ಹೆಸರು ಬರಬೇಕಾದರೆ ದೊಡ್ಡವರು ರುಚಿ ನೋಡಬೇಕು. 1813ರ ಜೂನ್ ತಿಂಗಳಲ್ಲಿ ರಾಜಪುತ್ರ ಕೆಂಟ್ ಡ್ಯೂಕ್‌ನ ಕಚೇರಿಯಿಂದ ಪಾಲುದಾರರಿಗೆ ಒಂದು ಪತ್ರ ಬಂತು. ಡಬ್ಬಿಯ ಮಾಂಸವನ್ನು ರಾಣಿಯವರು, ಯುವರಾಜರು ಮತ್ತು ಇತರ ಗಣ್ಯರು ಸವಿದು ಮೆಚ್ಚಿದ್ದಾರೆ ಎಂದು ಅದರಲ್ಲಿ ತಿಳಿಸಿತ್ತು. ಈ ಕೆಂಟ್ ಡ್ಯೂಕ್ ಎಂದರೆ ಮುಂದೆ ನಮ್ಮ ದೇಶವನ್ನೂ ಆಳಿದ ವಿಕ್ಟೋರಿಯಾ ರಾಣಿಯ ತಂದೆ. ನೌಕಾ ಇಲಾಖೆಯವರು ಸ್ವಲ್ಪ ಸ್ವಲ್ಪವಾಗಿ, ಮುಖ್ಯವಾಗಿ ಹಡಗಿನಲ್ಲಿ ಕಾಯಿಲೆ ಬಿದ್ದವರಿಗಾಗಿ, ಡಬ್ಬಿ ಕೊಳ್ಳತೊಡಗಿದರು. 1815ರಲ್ಲಿ ಭೂಪ್ರದಕ್ಷಿಣೆಗೆ ಹೊರಟ ರಷ್ಯಾದ ನಾವಿಕ ಕೋಟ್ಸೆಬೂ ಕೂಡ ಇಂಗ್ಲೆಂಡಿನಲ್ಲಿ ಈ ಡಬ್ಬಿಗಳನ್ನು ಹಡಗಿಗೆ ಹೇರಿಸಿಕೊಂಡ.

ಇಷ್ಟೆಲ್ಲ ಆದರೂ ಡಬ್ಬಿ ತೆರೆಯುವ ಸಾಧನವನ್ನೇ ಯಾರೂ ಮಾಡಿರಲಿಲ್ಲ! ಉಳಿ ಮತ್ತು ಸುತ್ತಿಗೆಯಿಂದ ಮುಚ್ಚಳದ ಅಂಚಿಗೆ ಸುತ್ತಲೂ ಕತ್ತರಿಸಿ ಎಂದು ಡಬ್ಬಿಯ ಮೇಲೆ ಬರೆದಿರುತ್ತಿತ್ತು. ಡಬ್ಬಿ ತೆರೆಯುವ ಸಾಧನ ಬಂದದ್ದು ಇಂಗ್ಲೆಂಡಿನಲ್ಲಿ 1855ರಲ್ಲಿ, ಅಮೆರಿಕದಲ್ಲಿ 1858ರಲ್ಲಿ. ಬೀಗ ಮಾಡಿದ ನಲವತ್ತು ವರ್ಷಕ್ಕೆ ಕೀಲಿಕೈ ಮಾಡಿದ ಹಾಗಾಯಿತು.

ಹಿಮದ ನಾಡಿನಲ್ಲಿ ಪರೀಕ್ಷೆ

ಡಬ್ಬಿಗೆ ನಿಜವಾದ ಪರೀಕ್ಷೆ ಆದದ್ದು ಉತ್ತರ ಧ್ರುವದ ಕಡೆಯ ಹಿಮದಲ್ಲಿ. ಕೆನಡಾದ ಉತ್ತರಕ್ಕೆ ಹಿಮದ ನಡುವೆ ಸಮುದ್ರದಾರಿ ಹುಡುಕಲು ಬ್ರಿಟಿಷರು ಹಡಗುಗಳನ್ನು ಕಳಿಸುತ್ತಿದ್ದರು. ವಿಲಿಯಂ ಪ್ಯಾರಿ ಎಂಬ ಕಪ್ತಾನ 1824ರಲ್ಲಿ ಹೊರಟಾಗ ಡಬ್ಬಿ ಆಹಾರವನ್ನೂ ಒಯ್ದಿದ್ದ. ಅವನ ಎರಡು ಹಡಗುಗಳಲ್ಲಿ ಒಂದಾದ ಫ್ಯೂರಿ 1825ರಲ್ಲಿ ಹಿಮಕ್ಕೆ ಸಿಕ್ಕಿ ಹಾಳಾಯಿತು. ಸಾಮಾನುಗಳನ್ನು ದಡದ ಮೇಲೆ ಇಳಿಸಿಟ್ಟು ಎಲ್ಲರೂ ಇನ್ನೊಂದು ಹಡಗಿನಲ್ಲಿ ವಾಪಸಾದರು.

ನಾಲ್ಕು ವರ್ಷ ಕಳೆದ ಮೇಲೆ 1829ರಲ್ಲಿ ಜಾನ್ ರಾಸ್ ಎಂಬ ಮತ್ತೊಬ್ಬ ಕಪ್ತಾನ ಅದೇ ದಡಕ್ಕೆ ಹೋದ. ಹಡಗು ಕಾಣಲಿಲ್ಲ, ಆದರೆ ಡಬ್ಬಿಗಳು ಇದ್ದ ಹಾಗೇ ಇದ್ದವು. ತೆರೆದು ನೋಡಿದರೆ ಮಾಂಸ, ತರಕಾರಿ ಕೆಟ್ಟಿರಲಿಲ್ಲ. ಬೇಕಾದಷ್ಟು ತುಂಬಿಕೊಂಡು ಮುಂದೆ ಹೋದರು. ಆಮೇಲೆ ರಾಸ್‌ನ ಹಡಗೂ ಹಿಮದಲ್ಲಿ ಸಿಕ್ಕಿಹಾಕಿಕೊಂಡಿತು. 1832ರಲ್ಲಿ ಹಡಗು ಬಿಟ್ಟು, ಹಿಮದ ಮೇಲೆ ನಡೆದು, ಆ ದಡಕ್ಕೇ ವಾಪಸು ಬಂದು, ಅಲ್ಲಿ ಉಳಿದಿದ್ದ ದಾಸ್ತಾನಿನ ಆಧಾರದಿಂದ ಮತ್ತೊಂದು ಚಳಿಗಾಲ ಕಳೆದರು. 1833ರ ಆಗಸ್ಟಿನಲ್ಲಿ ಒಂದು ತಿಮಿಂಗಿಲ ಬೇಟೆಯ ಹಡಗು ಅವರನ್ನು ಕಂಡು ಹತ್ತಿಸಿಕೊಂಡಿತು. ನಾಲ್ಕು ಚಳಿಗಾಲ ಹಿಮದಲ್ಲಿ ಕಳೆದವರಲ್ಲಿ ಬಹುತೇಕ ಎಲ್ಲರೂ ಜೀವಂತ ಊರು ಸೇರಿದ್ದು ಊರಿನವರಿಗೆ ನಂಬಲಾಗದ ಸುದ್ದಿ.

ಇನ್ನೊಂದು ಸಂಗತಿ. ಪ್ಯಾರಿಯ ಆ ಪ್ರವಾಸಕ್ಕೆ ಹೋಗಿ ತೆರೆಯದೆ ವಾಪಸು ಬಂದಿದ್ದ ಒಂದು ಮಾಂಸದ ಡಬ್ಬಿ ವಸ್ತುಸಂಗ್ರಹಾಲಯದಲ್ಲಿತ್ತು. 1938ರಲ್ಲಿ ವಿಜ್ಞಾನಿಗಳು ಅದನ್ನು ತೆರೆದರು. 114 ವರ್ಷ ಆಗಿತ್ತು. ಬೆಕ್ಕಿಗೆ ತಿನ್ನಿಸಿ ನೋಡಿದರು. ಬೆಕ್ಕಿಗೆ ಏನೂ ಆಗಲಿಲ್ಲ.

ಅವಸರದ ಡಬ್ಬಿಗಳು

ಇಷ್ಟು ಹೇಳಿ ನಿಲ್ಲಿಸಿದರೆ ಅರ್ಧ ಚರಿತ್ರೆ ಹೇಳಿದ ಹಾಗೆ. ಇನ್ನರ್ಧವನ್ನೂ ಹೇಳಬೇಕು.

ಡಾಂಕಿನ್ 1820ರ ದಶಕದ ಆರಂಭದಲ್ಲೇ ಡಬ್ಬಿ ವ್ಯವಹಾರದಿಂದ ಹೊರಗೆ ಬಂದ. ಕಾಲಕ್ರಮದಲ್ಲಿ ಬೇರೆಯವರೂ ಈ ವ್ಯಾಪಾರಕ್ಕೆ ಇಳಿದರು. ಅವರಲ್ಲಿ ಸ್ಟೀಫನ್ ಗೋಲ್ಡ್ನರ್ ಎಂಬವನು ಕಡಿಮೆ ಬೆಲೆಗೆ ನೌಕಾಪಡೆಯ ಗುತ್ತಿಗೆ ಹಿಡಿದ. 1845ರಲ್ಲಿ ಸರ್ ಜಾನ್ ಫ್ರಾಂಕ್ಲಿನ್ ಎರೆಬಸ್, ಟೆರರ್ ಎಂಬ ಎರಡು ಹಡಗುಗಳಲ್ಲಿ ಅದೇ ಹಿಮದ ದಾರಿ ಹುಡುಕಲು ಹೊರಟಾಗ ಡಬ್ಬಿ ಸರಬರಾಜು ಮಾಡಿದವನು ಇವನೇ. ಹಡಗು ಹೊರಡಲು ಏಳು ವಾರ ಇರುವಾಗ ಗುತ್ತಿಗೆ ಕೈಗೆ ಬಂತು. ಸಾವಿರಾರು ಡಬ್ಬಿ ಅವಸರದಲ್ಲಿ ತಯಾರಾಗಬೇಕು. ಒಂದು ತಿಂಗಳು ಬಿಸಿ ಕೋಣೆಯಲ್ಲಿ ಇಟ್ಟು ನೋಡೋದಕ್ಕೆ ಸಮಯ ಎಲ್ಲಿ?

ಆ ಹಡಗುಗಳು ವಾಪಸು ಬರಲಿಲ್ಲ. 129 ಜನರಲ್ಲಿ ಒಬ್ಬನೂ ಉಳಿಯಲಿಲ್ಲ. ಡಬ್ಬಿಯೇ ಅವರನ್ನು ಕೊಂದಿತು, ಬೆಸುಗೆಯ ಸೀಸ ವಿಷವಾಯಿತು ಎಂದು 1980ರ ದಶಕದಲ್ಲಿ ಸಂಶೋಧಕರು ಹೇಳಿದರು. ಆಮೇಲಿನ ಪರೀಕ್ಷೆಗಳು ಇದನ್ನು ಪೂರ್ತಿ ಒಪ್ಪಿಲ್ಲ. ಆ ಕಾಲದ ಜನರ ಮೈಯಲ್ಲಿ ಸೀಸ ಹೇಗೂ ಹೆಚ್ಚೇ ಇತ್ತು ಎಂದು ತೋರಿಸಿವೆ. ಎರೆಬಸ್ 2014ರಲ್ಲೂ ಟೆರರ್ 2016ರಲ್ಲೂ ಸಮುದ್ರದ ತಳದಲ್ಲಿ ಸಿಕ್ಕಿವೆ. ಆದ್ದರಿಂದ ಫ್ರಾಂಕ್ಲಿನ್ ತಂಡದ ಸಾವಿನ ಹೊಣೆಯನ್ನು ಡಬ್ಬಿಯ ಮೇಲೆ ಹೊರಿಸುವುದು ನ್ಯಾಯವಲ್ಲ ಎಂದು ನಮ್ಮ ಅನಿಸಿಕೆ.

ಆದರೆ ಗೋಲ್ಡ್ನರ್‌ನ ಡಬ್ಬಿಗಳು ಎಂಥವು ಎನ್ನುವುದು 1852ರಲ್ಲಿ ಬಯಲಾಯಿತು. ಆ ವರ್ಷದ ಜನವರಿಯಲ್ಲಿ ನೌಕಾಪಡೆಯ ಉಗ್ರಾಣದಲ್ಲಿ ಅವನ ಡಬ್ಬಿಗಳನ್ನು ತೆರೆಸಿ ನೋಡಿದರೆ ಬಹುಪಾಲು ಕೊಳೆತು ನಾರುತ್ತಿದ್ದವು. ಪತ್ರಿಕೆಗಳಲ್ಲಿ ದೊಡ್ಡ ಗದ್ದಲವೆದ್ದಿತು, ಪಾರ್ಲಿಮೆಂಟಿನಲ್ಲಿ ವಿಚಾರಣೆ ನಡೆಯಿತು. ಒಂದು ಮುಖ್ಯ ಕಾರಣ ಡಬ್ಬಿಯ ಗಾತ್ರ. ಸಣ್ಣ ಡಬ್ಬಿಯ ಬದಲು ಒಂಬತ್ತು ಪೌಂಡಿಗೂ ಮೀರಿದ ದೊಡ್ಡ ದೊಡ್ಡ ಡಬ್ಬಿ ಮಾಡಿದ್ದರು. ಬಿಸಿ ಅಷ್ಟು ಮಾಂಸದ ನಡುಭಾಗಕ್ಕೆ ಮುಟ್ಟಲಿಲ್ಲ. ಹೊರಗೆ ಬೆಂದಿತ್ತು, ಒಳಗೆ ಹಸಿ ಉಳಿದಿತ್ತು. ಅಲ್ಲಿಂದ ಬಹಳ ಕಾಲ ಇಂಗ್ಲೆಂಡಿನ ಜನ ಡಬ್ಬಿ ಎಂದರೆ ಮೂಗು ಮುರಿಯುವಂತಾಯಿತು. ಡಾಂಕಿನ್ ಸಂಪಾದಿಸಿದ್ದ ಹೆಸರನ್ನೂ ಅದು ತಿಂದಿತು.

ನೋಡಿ, ವಿಧಾನ ಅದೇ, ತಗಡು ಅದೇ, ಬೆಸುಗೆ ಅದೇ. ವ್ಯತ್ಯಾಸ ಎಲ್ಲಿ? ಒಬ್ಬ ಪರೀಕ್ಷೆ ಮಾಡಿದ, ಇನ್ನೊಬ್ಬ ಮಾಡಲಿಲ್ಲ. ಸಂತೆಯಲ್ಲಿ ಬದನೆಕಾಯಿ ಕೊಳ್ಳುವಾಗ ಕೈಯಲ್ಲಿ ಹಿಡಿದು, ತಿರುಗಿಸಿ, ತೊಟ್ಟು ನೋಡಿ ಕೊಳ್ಳುತ್ತೇವೆ. ಮುಚ್ಚಿದ ಡಬ್ಬಿಯಲ್ಲಿ ಅದು ಸಾಧ್ಯವಿಲ್ಲ. ಕೊಳ್ಳುವವನಿಗೆ ಕಣ್ಣಿಲ್ಲ, ಮೂಗಿಲ್ಲ. ಮಾಡಿದವನ ಪ್ರಾಮಾಣಿಕತೆಯೇ ಅವನ ಕಣ್ಣು ಮೂಗು.

ಯಾಕೆ ಕೆಡಲಿಲ್ಲ?

ಆಹಾರ ಕೆಡುವುದಕ್ಕೆ ಗಾಳಿಯೇ ಕಾರಣ ಎಂದು ಆಗಿನವರು ನಂಬಿದ್ದರು. ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳಿಂದ ಕೊಳೆಯುತ್ತದೆ, ಬಿಸಿಗೆ ಅವು ಸಾಯುತ್ತವೆ, ಮುಚ್ಚಿಟ್ಟರೆ ಹೊಸವು ಒಳಗೆ ಬರುವುದಿಲ್ಲ ಎಂದು ಫ್ರಾನ್ಸಿನ ಲೂಯಿ ಪಾಶ್ಚರ್ ಖಚಿತವಾಗಿ ತೋರಿಸಿಕೊಟ್ಟದ್ದು 1860ರ ದಶಕದಲ್ಲಿ. ಅಂದರೆ ಅಪೆರ್‌ನ ಪುಸ್ತಕ ಬಂದು ಐವತ್ತು ವರ್ಷ ಆದಮೇಲೆ.

ಅದರಲ್ಲೂ ಕೆಲವು ಸೂಕ್ಷ್ಮಜೀವಿಗಳ ಬೀಜಕಗಳು ಕುದಿಯುವ ನೀರಿಗೂ ಜಗ್ಗುವುದಿಲ್ಲ. ಬೊಟುಲಿಸಂ ಎಂಬ ಮಾರಕ ವಿಷ ಹುಟ್ಟಿಸುವ ಜೀವಿ ಅಂಥದ್ದು. ಅದನ್ನು ಕೊಲ್ಲಬೇಕಾದರೆ ಡಬ್ಬಿಯ ನಟ್ಟನಡುವೆ ಸುಮಾರು 121 ಡಿಗ್ರಿ ಸೆಲ್ಸಿಯಸ್ ಬಿಸಿ ಮೂರು ನಿಮಿಷವಾದರೂ ಇರಬೇಕು. ನೀರು 100 ಡಿಗ್ರಿಗೇ ಕುದಿದು ಆವಿಯಾಗುತ್ತದಲ್ಲ, 121 ಎಲ್ಲಿಂದ ತರೋದು? ಒತ್ತಡದಿಂದ. ನಮ್ಮ ಮನೆಯ ಪ್ರೆಶರ್ ಕುಕ್ಕರ್ ಬೇಳೆಯನ್ನು ಬೇಗ ಬೇಯಿಸುವ ಗುಟ್ಟೂ ಅದೇ. 1852ರಲ್ಲಿ ಅಪೆರ್ ಮನೆತನದ ಶೆವಲಿಯೆ ಅಪೆರ್ ಎಂಬವನು ಒತ್ತಡದ ಮಾಪಕ ಜೋಡಿಸಿದ ಹಂಡೆಗೆ ಪೇಟೆಂಟ್ ಪಡೆದ. 1890ರ ದಶಕದಲ್ಲಿ ಅಮೆರಿಕದ ಪ್ರೆಸ್ಕಾಟ್ ಮತ್ತು ಅಂಡರ್‌ವುಡ್ ಎಂಬ ಇಬ್ಬರು ಎಷ್ಟು ಬಿಸಿ, ಎಷ್ಟು ಹೊತ್ತು ಎಂಬುದನ್ನು ಶಾಸ್ತ್ರೀಯವಾಗಿ ಲೆಕ್ಕ ಹಾಕಿದರು. ಅವರು ಡಬ್ಬಿಗಳನ್ನು ಬಿಸಿ ಜಾಗದಲ್ಲಿಟ್ಟು ಉಬ್ಬುತ್ತದೆಯೇ ಎಂದು ನೋಡುತ್ತಿದ್ದರು. ಡಾಂಕಿನ್ ಮಾಡಿದ್ದೂ ಅದನ್ನೇ ಅಲ್ಲವೇ?

ಮೈಸೂರಿನ ನಂಟು

ಈ ವಿದ್ಯೆಗೆ ನಮ್ಮ ನಾಡಿನಲ್ಲೂ ಒಂದು ಗುರುಪೀಠ ಇದೆ. 1950ರಲ್ಲಿ ಮೈಸೂರಿನ ಚೆಲುವಾಂಬ ವಿಲಾಸದಲ್ಲಿ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯ ಆರಂಭವಾಯಿತು. ಎಮ್ಮೆ ಹಾಲಿನಿಂದ ಮಕ್ಕಳ ಹಾಲಿನ ಪುಡಿ ಮಾಡುವ ವಿಧಾನವನ್ನು ಇಲ್ಲಿನ ವಿಜ್ಞಾನಿಗಳು ರೂಪಿಸಿದರು. ಅದನ್ನು ಮೊದಲು ತಯಾರಿಸಿ ಡಬ್ಬಿಯಲ್ಲಿ ಮಾರಿದ್ದು ಗುಜರಾತಿನ ಆನಂದದ ಹಾಲು ಉತ್ಪಾದಕರ ಸಹಕಾರ ಸಂಘ ಎಂಬುದು ನಮ್ಮಂಥ ಸಂಘದವರಿಗೆ ಸಂತೋಷದ ವಿಷಯ. 1961ರಲ್ಲಿ ಮೈಸೂರಿನಲ್ಲೇ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯವೂ ಬಂತು. ಹಿಮಾಲಯದ ನೆತ್ತಿಯಲ್ಲಿ ಕಾವಲು ನಿಂತ ಯೋಧರಿಗೆ ಊಟ ಒದಗಿಸುವುದು ಅದರ ಕೆಲಸ. 1984ರಲ್ಲಿ ರಾಕೇಶ್ ಶರ್ಮಾ ಅಂತರಿಕ್ಷಕ್ಕೆ ಹೋದಾಗ ಅವರ ಬುತ್ತಿ ತಯಾರಾದದ್ದೂ ಅಲ್ಲೇ.

ಈಗ ತಗಡಿನ ಜಾಗಕ್ಕೆ ಪದರ ಪದರದ ಮೆತ್ತನೆಯ ಚೀಲ ಬಂದಿದೆ. ಅಂಗಡಿಯಲ್ಲಿ ಸಿಗುವ ಸಿದ್ಧ ಬಿಸಿಬೇಳೆಭಾತಿನ ಪೊಟ್ಟಣ ನೀವು ನೋಡಿರಬಹುದು. ತುಂಬು, ಮುಚ್ಚು, ಒತ್ತಡದಲ್ಲಿ ಬೇಯಿಸು: ಅದೇ ಹಳೆಯ ಸೂತ್ರ.

ಮುಕ್ತಾಯ

ಡಾಂಕಿನ್ ಡಬ್ಬಿ ವ್ಯವಹಾರ ಬಿಟ್ಟಮೇಲೆ ಸುಮ್ಮನೆ ಕೂರಲಿಲ್ಲ. ಮುದ್ರಣ ಯಂತ್ರ, ಲೋಹದ ಲೇಖನಿ, ಸೂಕ್ಷ್ಮ ಅಳತೆಯ ಉಪಕರಣ ಹೀಗೆ ಹತ್ತಾರು ಕೆಲಸದಲ್ಲಿ ಅವನ ಕೈ ಇದೆ. 1838ರಲ್ಲಿ ರಾಯಲ್ ಸೊಸೈಟಿಯ ಸದಸ್ಯನಾದ. 1855ರ ಫೆಬ್ರವರಿ 27ರಂದು 86ನೇ ವಯಸ್ಸಿನಲ್ಲಿ ತೀರಿಕೊಂಡ. ಅವನ ಹೆಸರಿನ ಕಂಪನಿ ಮುಂದೆಯೂ ಬಹಳ ಕಾಲ ನಡೆಯಿತು. ಡಬ್ಬಿಯ ಮಾತು ಬಂದಾಗ ಮಾತ್ರ ಜನ ಅಪೆರ್‌ನನ್ನು ನೆನೆಯುತ್ತಾರೆ, ಡುರಾಂಡ್‌ನನ್ನು ನೆನೆಯುತ್ತಾರೆ, ಡಾಂಕಿನ್‌ನ ಹೆಸರು ಕೊನೆಗೆ ಬಂದರೆ ಬಂತು.

ಓದುಗ ಬಾಂಧವರಲ್ಲಿ ನಮ್ಮದೊಂದು ಕೋರಿಕೆ. ಅಂಗಡಿಯಿಂದ ಡಬ್ಬಿಯಾಗಲಿ ಪೊಟ್ಟಣವಾಗಲಿ ತಂದಾಗ ಮೊದಲು ತಾರೀಕು ನೋಡಿ. ಮುಚ್ಚಳ ಉಬ್ಬಿದ್ದರೆ, ಬೆಸುಗೆಯ ಹತ್ತಿರ ಸೋರಿದ್ದರೆ, ಎಷ್ಟೇ ದುಬಾರಿಯಾದರೂ ಮುಲಾಜಿಲ್ಲದೆ ಬಿಸಾಡಿ. ರುಚಿ ನೋಡೋದೂ ಬೇಡ. ಹಾಗೆಯೇ ನಾವು ಕೂಡ ಏನನ್ನಾದರೂ ತುಂಬಿ, ಮುಚ್ಚಿ, ಮಾರುವ ದಿನ ಬಂದರೆ, ಅದು ಮೂಟೆಯ ಭತ್ತ ಇರಲಿ, ಕ್ಯಾನಿನ ಹಾಲು ಇರಲಿ, ಬರ್ಮಂಡ್ಸೆಯ ಆ ಬಿಸಿ ಕೋಣೆಯನ್ನು ಒಂದು ಸಲ ನೆನೆದುಕೊಂಡರೆ ಒಳ್ಳೆಯದು.

ಸಂಘದ ಎಲ್ಲ ಸದಸ್ಯರಿಗೂ ಅವರ ಕುಟುಂಬದವರಿಗೂ ಬೆಳ್ಳಿ ಹಬ್ಬದ ಶುಭಾಶಯಗಳು.